9 ಪಿನ್ನಿನ ಕನೆಕ್ಟರಿನಿಂದ ಇಎಸ್‌ಪಿ32 ಬೋರ್ಡಿಗೆ ನೇರ ವೈರು ಎಳೆಯಬೇಡಿ

ಮಂಡ್ಯ, ಮದ್ದೂರು ಕಡೆ ಪಂಪ್‌ಹೌಸಿಗೆ ತಾವೇ ಕಂಟ್ರೋಲರ್ ಕಟ್ಟಿಕೊಳ್ಳುವವರು, ಮೈಸೂರಿನ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಸೋಲ್ಡರಿಂಗ್ ಐರನ್ ಹಿಡಿಯಿರಿ.

ಆದದ್ದು ಇಷ್ಟು. ಮದ್ದೂರಿನ ಹತ್ತಿರ ಕಬ್ಬಿನ ಗದ್ದೆಯ ಪಂಪ್‌ಹೌಸೊಂದರಲ್ಲಿ ಹಳೇ ಎನರ್ಜಿ ಮೀಟರಿದೆ, ಅದಕ್ಕೆ 9 ಪಿನ್ನಿನ ಡಿ ಕನೆಕ್ಟರು. ಮೋಟಾರಿನ ವೋಲ್ಟೇಜು, ಕರೆಂಟು ಫೋನಿಗೆ ಬರಲಿ ಅಂತ ಅಲ್ಲಿನವರು ಮೀಟರಿನ ಟಿಎಕ್ಸ್ (ಡೇಟಾ ಕಳಿಸುವ) ಪಿನ್ನನ್ನು ಇಎಸ್‌ಪಿ32 ಎಂಬ ವೈ-ಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡಿನ ಆರ್‌ಎಕ್ಸ್‌ಗೆ (ಡೇಟಾ ಪಡೆಯುವ ಪಿನ್ನಿಗೆ), 5ನೇ ಪಿನ್ನನ್ನು ಗ್ರೌಂಡಿಗೆ ನೇರ ಬೆಸೆದರು. ಪರದೆಯ ಮೇಲೆ ಅಕ್ಷರಗಳೇನೋ ಬಂದವು, ಒಂದಕ್ಕೂ ಅರ್ಥವಿಲ್ಲ. ಬಾಡ್ ರೇಟ್ (ಡೇಟಾ ಕಳಿಸುವ ವೇಗ) ತಪ್ಪಿರಬೇಕೆಂದು 9600, 19200, 115200 ಅಂತ ಒಂದೊಂದಾಗಿ ಬದಲಾಯಿಸುತ್ತ ಹೋದರು. ಅಷ್ಟರಲ್ಲಿ ಅಕ್ಷರ ಬರುವುದೇ ನಿಂತಿತು; ಚಿಪ್ಪು ಬೆರಳಿಡಲಾಗದಷ್ಟು ಕಾದಿತ್ತು. ಹೊಸ ಬೋರ್ಡು ತಂದು ಅದೇ ವೈರಿಗೆ ಸೇರಿಸಿದರು, ಅದೂ ಹೋಯಿತು. ಬೋರ್ಡು ಮಾರಿದವರು ಹೇಳಿದ್ದು: ‘ಎರಡೂ ಸೀರಿಯಲ್ಲೇ ಅಲ್ವಾ ಸಾರ್, ನೇರ ಕೊಡಿ.’

ಎರಡೂ ಸೀರಿಯಲ್ಲೇ, ಅಂದರೆ ಬಿಟ್ಟುಗಳನ್ನು ಒಂದರ ಹಿಂದೊಂದು ಕಳಿಸುವ ಪದ್ಧತಿಯೇ, ನಿಜ. ಬಿಟ್ಟುಗಳ ಸಾಲು ಒಂದೇ: ಒಂದು ಸ್ಟಾರ್ಟ್, ಎಂಟು ಡೇಟಾ, ಒಂದು ಸ್ಟಾಪ್. ಬೇರೆಯಾಗುವುದು ವೋಲ್ಟೇಜು. ಇಎಸ್‌ಪಿ32ರಲ್ಲಿ 1 ಎಂದರೆ 3.3 ವೋಲ್ಟ್, 0 ಎಂದರೆ 0 ವೋಲ್ಟ್. ಆ ಮೀಟರಿನಲ್ಲಿದ್ದದ್ದು ಆರ್‌ಎಸ್-232 ಎಂಬ ಹಳೇ ಸೀರಿಯಲ್ ಮಾನದಂಡ. ಅದರಲ್ಲಿ 1 ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, 0 ಎಂದರೆ ಪ್ಲಸ್ 3ರಿಂದ ಪ್ಲಸ್ 15. ಅಂದರೆ ಮಟ್ಟವೂ ಹೆಚ್ಚು, ಸಂಕೇತವೂ ತಲೆಕೆಳಗು. ಬಾಡ್ ರೇಟ್ ಸರಿಯಿದ್ದರೂ ಕಾಣುವುದು ಕಸವೇ. ಇದೇ ಮೋಸದ ಜಾಗ: ಕಸ ಕಂಡವರು ಸೆಟಿಂಗು ಹುಡುಕುತ್ತಾರೆ, ಅಷ್ಟು ಹೊತ್ತೂ ಪಿನ್ನು ಬೇಯುತ್ತಿರುತ್ತದೆ.

ಯಾಕೆ ಬೇಯುತ್ತದೆ? ಚಿಪ್ಪಿನ ಪ್ರತಿ ಪಿನ್ನಿನೊಳಗೂ ಸಿಲಿಕಾನಿನಲ್ಲೇ ಮಾಡಿದ ರಕ್ಷಣೆಯ ಡಯೋಡುಗಳಿರುತ್ತವೆ. ಸಿಲಿಕಾನ್ ಜಂಕ್ಷನ್ ಸುಮಾರು 0.6ರಿಂದ 0.7 ವೋಲ್ಟಿಗೆ ಕರೆಂಟು ಬಿಡಲು ಶುರು ಮಾಡುತ್ತದೆ. ಪಿನ್ನು ಗ್ರೌಂಡಿಗಿಂತ ಅಷ್ಟು ಕೆಳಗಿಳಿದರೆ ಕೆಳಗಿನ ಡಯೋಡು ತೆರೆಯುತ್ತದೆ. ಆರ್‌ಎಸ್-232 ಲೈನು ಸುಮ್ಮನಿರುವಾಗಲೂ ಮೈನಸ್‌ನಲ್ಲೇ ಇರುವುದರಿಂದ ಆ ಡಯೋಡಿಗೆ ಬಿಡುವೇ ಇಲ್ಲ. 0 ಎಂಬ ಬಿಟ್ ಬಂದಾಗ ಮೇಲಿನ ದಾರಿಯಲ್ಲಿ ಕರೆಂಟು 3.3 ವೋಲ್ಟಿನ ಲೈನಿಗೇ ನುಗ್ಗುತ್ತದೆ. ಬೋರ್ಡಿನಲ್ಲಿರುವ ಎಎಂಎಸ್1117ನಂಥ ರೆಗ್ಯುಲೇಟರು ಕರೆಂಟು ಕೊಡಬಲ್ಲದು, ಹೀರಿಕೊಳ್ಳಲಾರದು. ಈ ಡಯೋಡುಗಳಿರುವುದು ಕ್ಷಣಮಾತ್ರದ ಸ್ಟ್ಯಾಟಿಕ್ ಹೊಡೆತ ತಡೆಯಲು, ನಿರಂತರ ಕರೆಂಟಿಗಲ್ಲ. ಅದು ಅತಿಯಾದರೆ ಚಿಪ್ಪು ಲ್ಯಾಚ್-ಅಪ್ ಆಗಿ ಒಳಗೊಳಗೇ ಶಾರ್ಟಿನಂತೆ ಕರೆಂಟು ಎಳೆದು ಕಾಯುತ್ತದೆ.

ವೈರು ಸೇರಿಸುವ ಮೊದಲು ಒಂದೇ ಒಂದು ಅಳತೆ ತೆಗೆದುಕೊಳ್ಳಿ. ಸಾಧನ ಆನ್ ಇರಲಿ, ಟಿಎಕ್ಸ್‌ಗೆ ಏನೂ ಜೋಡಿಸಿರಬಾರದು. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪು ಪ್ರೋಬ್ ಗ್ರೌಂಡಿಗೆ, ಕೆಂಪು ಟಿಎಕ್ಸ್‌ಗೆ. 3.3 ಬಂದರೆ ನೇರ ಕೊಡಬಹುದು. 5 ಬಂದರೆ ಟಿಎಕ್ಸ್‌ನಿಂದ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋ ಓಮ್ ಹಾಕಿ ನಡುವಿನಿಂದ ತೆಗೆಯಿರಿ, 3.3 ಸಿಗುತ್ತದೆ. ಮೈನಸ್ 5, ಮೈನಸ್ 9 ಹೀಗೆ ಬಂದರೆ ಆರ್‌ಎಸ್-232, ಕೈ ತೆಗೆಯಿರಿ. 0 ತೋರಿಸಿದರೆ ಧೈರ್ಯ ಮಾಡಬೇಡಿ; ನೀವು ಹಿಡಿದಿರುವುದು ಆರ್‌ಎಕ್ಸ್ ಪಿನ್ನಿರಬಹುದು, ಇಲ್ಲವೇ ಸಾಧನದ ಒಳಗೆ ಲೈನು ನಡೆಸುವ ಡ್ರೈವರ್ ಐಸಿ ನಿದ್ದೆಯಲ್ಲಿರಬಹುದು.

ಆರ್‌ಎಸ್-232ಗೆ ಬೇಕಾದದ್ದು ಮ್ಯಾಕ್ಸ್3232 ಎಂಬ ವೋಲ್ಟೇಜು ಮಟ್ಟ ಬದಲಿಸುವ ಐಸಿ, ಅದಕ್ಕೆ 3.3 ವೋಲ್ಟ್ ಸಪ್ಲೈ, 0.1 ಮೈಕ್ರೋಫ್ಯಾರಡ್ ಕೆಪಾಸಿಟರುಗಳು. ಅಂಗಡಿಯಲ್ಲಿ ಮ್ಯಾಕ್ಸ್232 ಕೊಟ್ಟರೆ ಬೇಡ ಅನ್ನಿ. ಅದು 5 ವೋಲ್ಟಿನದು, ಅದರ ಔಟ್‌ಪುಟ್ಟೂ 5 ವೋಲ್ಟಿಗೇ ಹೋಗುತ್ತದೆ. ಮ್ಯಾಕ್ಸ್3232 ಹಾಕಿದ ಮೇಲೆ ಆ ಐಸಿಯ 2ನೇ ಪಿನ್ನಿನಲ್ಲಿ ಸುಮಾರು ಪ್ಲಸ್ 5.5, 6ನೇ ಪಿನ್ನಿನಲ್ಲಿ ಮೈನಸ್ 5.5 ಇದೆಯೇ ನೋಡಿ. ಇಲ್ಲದಿದ್ದರೆ ಕೆಪಾಸಿಟರ್ ತಪ್ಪಾಗಿ ಕೂತಿದೆ ಅಥವಾ ಐಸಿಯೇ ಕೆಟ್ಟದ್ದು.

ಕಂಪ್ಯೂಟರಿಗೆ ಸೀರಿಯಲ್ ಜೋಡಿಸುವ ಯುಎಸ್‌ಬಿ-ಟಿಟಿಎಲ್ ಮಾಡ್ಯೂಲುಗಳ 3.3/5 ಜಂಪರನ್ನೂ ನಂಬಬೇಡಿ. ಕೆಲವು ಅಗ್ಗದ ಮಾಡ್ಯೂಲುಗಳಲ್ಲಿ ಅದು ವಿಸಿಸಿ (ಸಪ್ಲೈ) ಪಿನ್ನನ್ನು ಮಾತ್ರ ಬದಲಿಸುತ್ತದೆ, ಟಿಎಕ್ಸ್ ಹಾಗೇ ಉಳಿಯುತ್ತದೆ. ಅಲ್ಲೂ ಅದೇ ಅಳತೆ.

ಪಂಪ್‌ಸೆಟ್ಟಿಗೆ ಸಿಮ್800ಎಲ್ ಎಂಬ 2ಜಿ ಮೊಬೈಲ್ ಮಾಡ್ಯೂಲು ಹಾಕುವವರಿಗೆ ಇನ್ನೊಂದು ಮಾತು. ಅದರ ಸಪ್ಲೈ 3.4ರಿಂದ 4.4 ವೋಲ್ಟ್, ಸಿಗ್ನಲ್ ಕಳಿಸುವಾಗ 2 ಆಂಪಿಯರ್ ತನಕ ಎಳೆಯುತ್ತದೆ. 5 ವೋಲ್ಟಿಗೆ ಒಂದು 1ಎನ್4007 ಡಯೋಡು ಸರಣಿಯಲ್ಲಿ ಹಾಕಿ ಇಳಿಸುವ ಪದ್ಧತಿ ನಮ್ಮಲ್ಲಿ ಜಾಸ್ತಿ. ಕರೆಂಟು ಕಡಿಮೆಯಿದ್ದಾಗ ಡಯೋಡು 0.6 ಮಾತ್ರ ಇಳಿಸುವುದರಿಂದ ಮಾಡ್ಯೂಲಿಗೆ 4.4 ಬೀಳುತ್ತದೆ, ಅದು ಮಿತಿಯ ಅಂಚು. ಕರೆಂಟು ಏರಿದಾಗ 1 ವೋಲ್ಟಿಗೂ ಹೆಚ್ಚು ಇಳಿದು, ತೆಳು ವೈರಿದ್ದರೆ ರೀಸೆಟ್ಟೇ ಆಗುತ್ತದೆ. 4 ವೋಲ್ಟಿಗೆ ಹೊಂದಿಸಿದ ಬಕ್ ಕನ್ವರ್ಟರು (ವೋಲ್ಟೇಜು ಇಳಿಸುವ ಮಾಡ್ಯೂಲು), ಮಾಡ್ಯೂಲಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿ. ಜಿಯೋ ಸಿಮ್ ಇದರಲ್ಲಿ ನಡೆಯದು, ಅವರಿಗೆ 2ಜಿ ಇಲ್ಲ.

ಪಂಪ್‌ಹೌಸಿನಿಂದ ಮನೆವರೆಗೆ ಉದ್ದ ವೈರು ಎಳೆಯುವುದಾದರೆ ಆರ್‌ಎಸ್-485 ಬಳಸಿ: ಹೆಣೆದ ಜೋಡಿ ವೈರು, ಎರಡೂ ತುದಿಗೆ 120 ಓಮ್, ಮೋಟಾರಿನ ಕೇಬಲ್ಲಿನ ಪೈಪಿನೊಳಗೆ ತೂರಿಸಬಾರದು.

ಈಗಾಗಲೇ ನೇರ ಕೊಟ್ಟುಬಿಟ್ಟಿದ್ದರೆ ಬೋರ್ಡಿನ ಪವರ್ ತೆಗೆದು ಮಲ್ಟಿಮೀಟರ್ ಡಯೋಡ್ ಮೋಡಿಗಿಡಿ. ಕೆಂಪು ಗ್ರೌಂಡಿಗೆ, ಕಪ್ಪು ಆರ್‌ಎಕ್ಸ್ ಪಿನ್ನಿಗೆ. ಪಕ್ಕದ ಪಿನ್ನುಗಳನ್ನೂ ಹೀಗೇ ನೋಡಿ. ಉಳಿದವು 0.5ರಿಂದ 0.7 ತೋರಿಸಿ ಇದೊಂದು ಸೊನ್ನೆಯನ್ನೋ ಓಪನ್ನನ್ನೋ ತೋರಿಸಿದರೆ ಆ ಪಿನ್ನು ಹೋಗಿದೆ. ಇಎಸ್‌ಪಿ32ರಲ್ಲಿ ಸೀರಿಯಲ್ಲನ್ನು ಬೇರೆ ಪಿನ್ನಿಗೆ ಬದಲಿಸಿಕೊಳ್ಳಬಹುದು. ಆ ಬೋರ್ಡನ್ನು ಟೇಬಲ್ ಮೇಲೆ ಕಲಿಯಲು ಇಟ್ಟುಕೊಳ್ಳಿ, ಮೂರು ಫೇಸಿನ ಸ್ಟಾರ್ಟರಿಗೆ ಮಾತ್ರ ಜೋಡಿಸಬೇಡಿ.