5600 ಪ್ರೊಸೆಸರ್ ಅಂತ ದುಡ್ಡು ತಗೊಂಡು 5500 ಹಾಕಿ ಕೊಟ್ರು: ಬಜೆಟ್ ಗೇಮಿಂಗ್ ಪಿಸಿ ಜೋಡಿಸೋರು ದಯವಿಟ್ಟು ಓದಿ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕಮ್ಮಿ ಬಜೆಟ್ಟಲ್ಲಿ ಗೇಮಿಂಗ್ ಪಿಸಿ ಮಾಡಿಸಬೇಕು ಅಂತಿರೋರು ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ. ಅಂಗಡಿ ಹೆಸರು ಹಾಕಲ್ಲ. ಆ ಬೀದಿಯಲ್ಲಿ ನೆಟ್ಟಗೆ ವ್ಯಾಪಾರ ಮಾಡೋರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಮೋಸ ಎಲ್ಲಿ ಬೇಕಾದರೂ ಆಗಬಹುದು, ಯಾಕಂದ್ರೆ ಇದು ಬರೀ ಒಂದು ನಂಬರಿನ ಮೋಸ.

ವಾಟ್ಸಾಪಲ್ಲಿ ಬಂದ ಕೊಟೇಶನ್ ಹೀಗಿತ್ತು: ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಎರಡು, ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಮತ್ತು ಬೋರ್ಡ್ ಎರಡಕ್ಕೇ 22,500 ರೂಪಾಯಿ. ಕ್ಯಾಬಿನೆಟ್ ಒಳಗೆ ಇದ್ದದ್ದು ರೈಜನ್ 5 5500, ಎ520 ಬೋರ್ಡ್, 16 ಜಿಬಿಯ ಒಂದೇ ಒಂದು ರ‍್ಯಾಮ್. ಅದೇ ಅಂಗಡಿಯ ರೇಟ್ ಲಿಸ್ಟಲ್ಲಿ 5500 ಮತ್ತು ಎ520 ಸೇರಿ 14 ಸಾವಿರದ ಒಳಗೇ ಇತ್ತು! ಎಂಟೂವರೆ ಸಾವಿರ ಹೋಯ್ತು, ಬರೀ ನೂರರ ವ್ಯತ್ಯಾಸದ ನಂಬರಿನಲ್ಲಿ.

ಅಂಗಡಿಯಲ್ಲಿ ಎಲ್ಲ ಚೆನ್ನಾಗೇ ಕಂಡಿತು. ಫ್ಯಾನ್ ಲೈಟ್ ಹತ್ತಿತು, ವಿಂಡೋಸ್ ಬಂತು, ಒಂದು ಗೇಮ್ ಓಡಿಸಿ ತೋರಿಸಿದರು. ಖಾಲಿ ಬಾಕ್ಸ್ ಕೇಳಿದ್ದಕ್ಕೆ "ಮೇಲಿನ ಗೋಡೌನಲ್ಲಿದೆ ಸಾರ್, ನಾಳೆ ಕಳಿಸ್ತೀವಿ" ಅಂದರು. ಆಗಲೇ ಬಿಡಬಾರದಿತ್ತು. ಬಾಕ್ಸ್ ಇಲ್ಲದೆ ಅಲ್ಲಿಂದ ಕದಲಲೇಬಾರದಿತ್ತು. ಮನೆಗೆ ಬಂದು ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಒತ್ತಿದರೆ, ಮೇಲೆ ಬಲಗಡೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎಎಂಡಿ ರೈಜನ್ 5 5500. ಕೆಳಗೆ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ. 5600ಕ್ಕೆ ಅಲ್ಲಿ 32 ಇರಬೇಕು. ಮೆಮೊರಿ ಒತ್ತಿದರೆ ಎರಡು ಸ್ಲಾಟಲ್ಲಿ ಒಂದು ಮಾತ್ರ ಬಳಕೆಯಲ್ಲಿ, ಸ್ಪೀಡ್ 2400. ಅಂದ್ರೆ 3200ರ ರ‍್ಯಾಮ್ ಹಾಕಿ ಬಯಾಸಲ್ಲಿ (ಬೋರ್ಡಿನ ಸೆಟ್ಟಿಂಗಲ್ಲಿ) ಎಕ್ಸ್‌ಎಂಪಿ ಆನ್ ಮಾಡಿ ಪೂರ್ತಿ ಸ್ಪೀಡ್ ಬರಿಸೋ ಕೆಲಸವನ್ನೂ ಮಾಡಿಲ್ಲ. ಮೈಯೆಲ್ಲ ಉರಿದುಹೋಯ್ತು.

ಫೋನ್ ಮಾಡಿದಾಗ ಬಂದ ಮೊದಲ ಉತ್ತರ ಕೇಳಿ. "ಸಾರ್, ಎರಡೂ ಆರು ಕೋರ್, ಎರಡೂ 65 ವ್ಯಾಟ್. ನೋಡಿ, 5600ದು 3.5 ಗಿಗಾಹರ್ಟ್ಸ್, 5500ದು 3.6. ನಿಮಗೆ ಜಾಸ್ತೀದೇ ಕೊಟ್ಟಿದ್ದೀವಿ." ಜಾಸ್ತೀದೇ ಅಂತೆ! ಬೇಸ್ ಕ್ಲಾಕ್, ಅಂದ್ರೆ ಮಾಮೂಲಿ ವೇಗ, 3.6 ಅನ್ನೋದು ನಿಜ. ಆದರೆ ಬೂಸ್ಟ್, ಅಂದ್ರೆ ಗರಿಷ್ಠ ವೇಗ, 5500ಕ್ಕೆ 4.2, 5600ಕ್ಕೆ 4.4. ಗೇಮ್ ಆಡುವಾಗ ಲೆಕ್ಕಕ್ಕೆ ಬರೋದು ಬೂಸ್ಟ್ ಮತ್ತು ಕ್ಯಾಶ್. ಅರ್ಧ ಸತ್ಯ ಹೇಳಿ ಬಾಯಿ ಮುಚ್ಚಿಸೋದು ಅಂದ್ರೆ ಇದೇ.

ಅದಕ್ಕಿಂತ ದೊಡ್ಡ ಏಟು ಬೇರೆ ಇದೆ. ಪಿಸಿಐಇ ಅಂದ್ರೆ ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರಿಗೂ ಮಧ್ಯೆ ಡೇಟಾ ಹೋಗೋ ದಾರಿ. 5500 ಅದರಲ್ಲಿ 3.0 ಮಾತ್ರ ಕೊಡುತ್ತೆ, 5600 ಆದರೆ 4.0. ಎ520 ಬೋರ್ಡೂ 3.0 ಮಾತ್ರ. ಈಗ ಕಾರ್ಡ್ ನೋಡಿ. 6500 ಎಕ್ಸ್‌ಟಿ ಸ್ಲಾಟಿನಲ್ಲಿ ಉದ್ದಕ್ಕೆ ಕೂತರೂ ಆ ದಾರಿಯಲ್ಲಿ ಬಳಸೋದು ನಾಲ್ಕೇ ಲೇನ್ (ಸಾಲು), ಮೆಮೊರಿ ನಾಲ್ಕೇ ಜಿಬಿ. 4.0ರಲ್ಲಿ ಆ ನಾಲ್ಕು ಲೇನಿಂದ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯುತ್ತೆ. 3.0ರಲ್ಲಿ ಅದರ ಅರ್ಧ. ಟೆಕ್ಸ್ಚರ್ ಹೈ ಇಟ್ಟ ಕೂಡಲೇ ಕಾರ್ಡಿನ ನಾಲ್ಕು ಜಿಬಿ ತುಂಬಿ, ಉಳಿದದ್ದು ಮದರ್‌ಬೋರ್ಡಿನ ರ‍್ಯಾಮಿಗೆ ಹೋಗಿ ಬಂದು ಮಾಡಬೇಕು, ಅದೂ ಆ ಅರ್ಧ ದಾರಿಯಲ್ಲಿ. ಗೇಮಲ್ಲಿ ಗಾಡಿ ಓಡಿಸ್ತಾ ಹೊಸ ಬೀದಿಗೆ ತಿರುಗಿದರೆ ಸಾಕು, ಚಿತ್ರ ಒಂದು ಕ್ಷಣ ನಿಂತೇ ಹೋಗುತ್ತೆ. ಮತ್ತೆ ಓಡುತ್ತೆ, ಮತ್ತೆ ನಿಲ್ಲುತ್ತೆ. ಇದೇ ಕಾರ್ಡಿಗೋಸ್ಕರ 5600 ಮತ್ತು ಬಿ550 ಎರಡನ್ನೂ ಜೋಡಿಯಾಗಿ ಕೇಳಿದ್ದು. ಒಂದನ್ನ ಬದಲಾಯಿಸಿದರೂ 4.0 ಸಿಗಲ್ಲ. ಅವರು ಎರಡನ್ನೂ ಬದಲಾಯಿಸಿದ್ದರು.

ಅಂಗಡಿಗೇ ಹೋಗಿ ಕೂತಾಗ ಎರಡನೇ ಉತ್ತರ. "ಸರಿ ಸಾರ್, ಬೇಜಾರ್ ಮಾಡ್ಕೋಬೇಡಿ. ಬಿ ಸೀರೀಸ್ ತಾನೆ ಬೇಕು? ಬಿ450 ಹಾಕ್ಕೊಡ್ತೀನಿ, ಒಂದೂವರೆ ಸಾವಿರ ಸೇರಿಸಿ." ಬಿ450ಯಲ್ಲೂ 3.0 ಮಾತ್ರ! ಹೆಸರಲ್ಲಿ 'ಬಿ' ಇದ್ದ ಮಾತ್ರಕ್ಕೆ ಬಿ550 ಆಗಲ್ಲ. ಹಳೇ ಸ್ಟಾಕ್ ಬಿ450 ಆದರೆ ಬಯಾಸ್ ಅಪ್ಡೇಟ್ ಮಾಡೋತನಕ 5000 ಸೀರೀಸಿನ ಪ್ರೊಸೆಸರ್ ಹಾಕಿದರೂ ಡಿಸ್ಪ್ಲೇನೇ ಬರಲ್ಲ. ಒಂದು ಸಲ ಮೋಸ ಮಾಡಿ, ಅದನ್ನ ಸರಿಮಾಡ್ತೀನಿ ಅಂತ ಇನ್ನೊಂದು ಸಲ ದುಡ್ಡು ಕೇಳ್ತಾರೆ ಅಂದ್ರೆ ಏನು ಧೈರ್ಯ ಇರಬೇಕು!

ಮೂರನೇ ಉತ್ತರ ಎಲ್ಲಕ್ಕಿಂತ ನೋವು ಕೊಟ್ಟಿದ್ದು. ವಾಟ್ಸಾಪ್ ತೋರಿಸಿದರೆ, "ಅದು ಕೊಟೇಶನ್ ಸಾರ್, ಬಿಲ್ ಅಲ್ಲ. ಬಿಲ್ ನೋಡಿ." ಬಿಲ್ ನೋಡಿದರೆ 'ರೈಜನ್ 5 ಪ್ರೊಸೆಸರ್ 1, ಎಎಂ4 ಮದರ್‌ಬೋರ್ಡ್ 1'. ಅಷ್ಟೇ. 5500 ಕೂಡ ರೈಜನ್ 5, 5600 ಕೂಡ ರೈಜನ್ 5. ಎಎಂ4 ಅಂದ್ರೆ ಪ್ರೊಸೆಸರ್ ಕೂರೋ ಸಾಕೆಟ್ಟಿನ ಹೆಸರು; ಎ520 ಕೂಡ ಎಎಂ4, ಬಿ550 ಕೂಡ ಎಎಂ4. ಬರೆದಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೈತಪ್ಪಿ ಆದ ಎಡವಟ್ಟಲ್ಲ ಇದು, ಮೊದಲೇ ಯೋಚನೆ ಮಾಡಿ ಬರೆದ ಬಿಲ್.

ಅದಕ್ಕೇ ಹೇಳ್ತಿರೋದು, ದುಡ್ಡು ಕೊಡೋ ಮುಂಚೆ ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ. ಬರೆಯಲ್ಲ ಅಂದ್ರೆ ಎದ್ದು ಬನ್ನಿ. ಪ್ರೊಸೆಸರ್ ಬಾಕ್ಸನ್ನ ನಿಮ್ಮ ಎದುರೇ ಒಡೆಸಿ. ಲೇಬಲ್ ಮೇಲೆ 100-100000 ಅಂತ ಶುರುವಾಗೋ ಕೋಡ್ ಇರುತ್ತೆ. ಅದರ ಕೊನೆಯಲ್ಲಿ 'ಬಾಕ್ಸ್' ಅನ್ನೋ ಪದಕ್ಕೆ ಮುಂಚೆ 927 ಇದ್ದರೆ 5600, 457 ಇದ್ದರೆ 5500. ಕೂಲರ್ ಹಾಕೋ ಮುಂಚೆ ಪ್ರೊಸೆಸರಿನ ಮೇಲ್ಭಾಗದಲ್ಲಿರೋ ಹೆಸರಿನ ಫೋಟೋ ತಗೊಳ್ಳಿ. ಪೇಸ್ಟ್ ಹಚ್ಚಿ ಕೂಲರ್ ಕೂತ ಮೇಲೆ ಏನೂ ಕಾಣಲ್ಲ. ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರ್ ಸಾವಿರ ಕಮ್ಮಿ ಅಂತ ಕೊಡೋಕೆ ನೋಡ್ತಾರೆ. ಬಾಕ್ಸ್ ಪೀಸಿಗೆ ಕಂಪನಿ ವಾರಂಟಿ ಮೂರು ವರ್ಷ, ಟ್ರೇ ಪೀಸಿಗೆ ಅಂಗಡಿಯವನ ಮಾತೇ ವಾರಂಟಿ.

ಪಿಸಿ ಆಗಲೇ ಮನೆಗೆ ಬಂದಿದ್ದರೆ ಹೆಸರು ನೋಡೋಕೆ ಅಂತ ಕೂಲರ್ ಕೀಳಬೇಡಿ, ದಯವಿಟ್ಟು. ಎಎಂ4ನಲ್ಲಿ ಪಿನ್ ಇರೋದು ಪ್ರೊಸೆಸರಿನಲ್ಲೇ. ತಣ್ಣಗಿರುವಾಗ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ನೇರ ಎಳೆದರೆ ಪ್ರೊಸೆಸರ್ ಸಾಕೆಟ್ಟಿಂದ ಕಿತ್ತುಕೊಂಡು ಬಂದು ಪಿನ್ ಸೊಟ್ಟಗಾಗುತ್ತೆ. ಆಮೇಲೆ ಅವರಿಗೆ ಇನ್ನೊಂದು ನೆಪ ಸಿಕ್ಕ ಹಾಗೆ. ಟಾಸ್ಕ್ ಮ್ಯಾನೇಜರ್ ಸಾಕು. ಬೋರ್ಡ್ ಯಾವುದು ಅಂತ ನೋಡೋಕೆ ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್, ಕಾರ್ಡ್ 3.0ರಲ್ಲಿದೆಯಾ 4.0ರಲ್ಲಿದೆಯಾ ಅಂತ ನೋಡೋಕೆ ಜಿಪಿಯು-ಝಡ್. ಅದರಲ್ಲಿ ಬಸ್ ಇಂಟರ್‌ಫೇಸ್ ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಟೆಸ್ಟ್ ಓಡಿಸಿ ನೋಡಿ, ಸುಮ್ಮನಿದ್ದಾಗ 1.1 ಅಂತ ಕಮ್ಮಿ ತೋರಿಸುತ್ತೆ.

ದುಡ್ಡು ನಿಜವಾಗಲೂ ಕಮ್ಮಿ ಇದ್ದರೆ 5500, ಎ520 ತಗೊಳ್ಳೋದು ತಪ್ಪಲ್ಲ, ಅದರ ಬೆಲೆಗೇ ಸಿಗಬೇಕು ಅಷ್ಟೆ. ಅದಕ್ಕೆ ನಾಲ್ಕು ಲೇನಿನ ಕಾರ್ಡ್ ಮಾತ್ರ ಹಾಕಬೇಡಿ. ಆರ್‌ಎಕ್ಸ್ 6600 ಎಂಟು ಲೇನಿಂದು, 3.0ರಲ್ಲೂ ಹೆಚ್ಚು ಸೋಲಲ್ಲ. ಇಲ್ಲಾ ಇಂಟೆಲ್ ಐ3 12100ಎಫ್ ಜೊತೆ ಎಚ್610 ಬೋರ್ಡ್ ನೋಡಿ, ಅಗ್ಗದ ಬೋರ್ಡಾದರೂ ಕಾರ್ಡಿನ ಸ್ಲಾಟಿಗೆ 4.0 ಸಿಗುತ್ತೆ. ಎಚ್610 ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲೂ ಬರುತ್ತೆ, ರ‍್ಯಾಮಿಗೆ ಹೊಂದೋದು ಯಾವುದು ಅಂತ ಬಾಕ್ಸ್ ಮೇಲೆ ನೋಡಿಕೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ, ಕೊಟೇಶನ್ನಿನ ಸ್ಕ್ರೀನ್‌ಶಾಟ್, ಟಾಸ್ಕ್ ಮ್ಯಾನೇಜರ್ ಫೋಟೋ ಎಲ್ಲ ಇಟ್ಟುಕೊಂಡಿದ್ದೀನಿ. ಅಲ್ಲಿ ಕೇಳಿದ್ದೂ ಅದೇ: ಬಿಲ್ಲಿನಲ್ಲಿ ಮಾಡೆಲ್ ನಂಬರ್ ಇದೆಯಾ? ಖಾಲಿ ಬಾಕ್ಸ್ ಇವತ್ತಿಗೂ ಬಂದಿಲ್ಲ.