ಹಳೇ ಮಿನಿ ಎಕ್ಸ್‌ಕವೇಟರ್ ಕೊಳ್ಳೋರು ಓದಿ: ಬೆಳಗಿನ ತಂಪಲ್ಲಿ ತೋರಿಸೋ ಟ್ರಯಲ್ ನಂಬಬೇಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಹಳೇ ಮಿನಿ ಎಕ್ಸ್‌ಕವೇಟರ್ (ನೆಲ ಅಗೆಯುವ ಸಣ್ಣ ಯಂತ್ರ) ಹುಡುಕುತ್ತಿರುವವರು ಬಹಳ ಜನ ಇದ್ದೀರಿ. ಹೊಲದ ಪೈಪ್‌ಲೈನ್, ಕೃಷಿ ಹೊಂಡ, ಒಳಚರಂಡಿ, ಮನೆ ಪಾಯ, ಎಲ್ಲದಕ್ಕೂ ಈಗ ಮಿನಿ ಬೇಕು. ಜೆಸಿಬಿ ಹೋಗದ ಓಣಿಯೊಳಗೂ ಇದು ನುಗ್ಗುತ್ತದೆ. ಹಾಗಾಗಿ ಹಳೇ ಗಾಡಿಗಳ ವ್ಯಾಪಾರ ಜೋರಾಗಿದೆ. ಹೈದರಾಬಾದ್, ಸೋಲಾಪುರ ಕಡೆಯಿಂದ ಬರುತ್ತವೆ, ಬಣ್ಣ ಹೊಡೆಸಿಕೊಂಡು ಗಿರಾಕಿಗೆ ಕಾಯುತ್ತಾ ನಿಲ್ಲುತ್ತವೆ. ಅಂಥ ಒಂದು ಗಾಡಿ ನಮ್ಮ ಮನೆಗೂ ಬಂತು. ನಮಗೆ ಆದದ್ದು ಬೇರೆ ಯಾರಿಗೂ ಆಗಬಾರದು ಅಂತ ಬರೆಯುತ್ತಿದ್ದೇನೆ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಗಾಡಿ ಹತ್ತಿರ ಹೋದಾಗ ಇಂಜಿನ್ ತಣ್ಣಗಿರಬೇಕು. ಟ್ರಯಲ್ ಮುಗಿಸಿ ಇಳಿಯುವಾಗ, ಗಾಡಿಯ ತೋಳು, ಬಕೆಟ್ ಆಡಿಸುವ ಹೈಡ್ರಾಲಿಕ್ ಆಯಿಲ್ ಚೆನ್ನಾಗಿ ಕಾದಿರಬೇಕು. ಇವೆರಡರಲ್ಲಿ ಒಂದಕ್ಕೆ ಮಾರುವವರು ಒಪ್ಪದಿದ್ದರೂ ಅಲ್ಲಿಂದ ಎದ್ದು ಬನ್ನಿ.

ನನ್ನ ತಮ್ಮ ಸೇಡಂ, ಚಿತ್ತಾಪುರ ಕಡೆ ಬಹಳ ವರ್ಷ ಬೇರೆಯವರ ಜೆಸಿಬಿ ಓಡಿಸಿದವನು. ಸ್ವಂತದ್ದೊಂದು ಸಣ್ಣ ಗಾಡಿ ಮಾಡಬೇಕು ಅನ್ನೋದು ಅವನ ಆಸೆ. ತೊಗರಿ ಮಾರಿದ ದುಡ್ಡು, ಅವ್ವನ ಬಂಗಾರದ ಮೇಲೆ ತೆಗೆದ ಸಾಲ, ಎಲ್ಲ ಕೂಡಿಸಿ ಹನ್ನೊಂದು ಲಕ್ಷ ಹೊಂದಿಸಿದೆವು. ಕಲಬುರಗಿ ರಿಂಗ್ ರೋಡ್ ಆಚೆ ಒಬ್ಬರ ಹತ್ತಿರ ಮೂರು ಟನ್‌ನ ಆಚೀಚೆ ತೂಗುವ ಮಿನಿ ಸಿಕ್ಕಿತು. ಅವರ ಹೆಸರು ಇಲ್ಲಿ ಬೇಡ. ಗಾಡಿಯ ಕಂಪನಿ ಹೆಸರೂ ಬೇಡ, ತಯಾರಿಸಿದವರದು ಇದರಲ್ಲಿ ಏನೂ ತಪ್ಪಿಲ್ಲ.

ಆಗ ಮೇ ತಿಂಗಳು. ಮಧ್ಯಾಹ್ನ 42 ಡಿಗ್ರಿ ದಾಟುವ ಕಾಲ. ಮಾರುವವರು ಫೋನಿನಲ್ಲಿ ಬಹಳ ಪ್ರೀತಿಯಿಂದ ಹೇಳಿದರು: "ಬಿಸಿಲು ಭಾಳ ಅದರಿ ಅಣ್ಣಾರ. ಮುಂಜಾನಿ ಲಗೂ ಬರ್ರಿ, ತಂಪಿನ್ಯಾಗ ಆರಾಮ ನೋಡ್ರಿ." ನಾವು ಹೋಗುವಷ್ಟರಲ್ಲಿ ಇಂಜಿನ್ ಆಗಲೇ ಚಾಲೂ ಇತ್ತು. "ನಿಮ್ಮ ಸಲುವಾಗೇ ಬೆಚ್ಚಗ ಮಾಡಿ ಇಟ್ಟೀನ್ರಿ" ಅಂದರು. ಅಂಗಳದ ಮೂಲೆಯಲ್ಲಿ ಸಡಿಲ ಮುರುಮ್ ಗುಡ್ಡೆ ಇತ್ತು. ತಮ್ಮ ಹತ್ತಿ ಕೂತು ಬಕೆಟ್ ತುಂಬಿದ, ತಿರುಗಿಸಿದ, ಸುರಿದ. ಎಲ್ಲ ಚುರುಕು. ಬೂಮ್ (ಗಾಡಿಗೆ ಸೇರಿದ ದೊಡ್ಡ ತೋಳು) ಸರಕ್ಕನೆ ಏಳುತ್ತಿತ್ತು, ಸ್ವಿಂಗ್ (ಮೇಲ್ಭಾಗ ತಿರುಗುವುದು) ಸಲೀಸು. ಇನ್ನೂ ಸ್ವಲ್ಪ ಹೊತ್ತು ಓಡಿಸುತ್ತೇನೆ, ಗಟ್ಟಿ ನೆಲದಲ್ಲಿ ನೋಡುತ್ತೇನೆ ಅಂತ ತಮ್ಮ ಕೇಳಿದ. ಡೀಸೆಲ್ ಖರ್ಚು ನಾನೇ ಕೊಡುತ್ತೇನೆ ಅಂತಲೂ ಅಂದ. ಅಷ್ಟರಲ್ಲಿ ಅವರಿಗೆ ಒಂದು ಫೋನ್ ಬಂತು. "ಸೋಲಾಪುರದ ಪಾರ್ಟಿ ಟೋಕನ್ ಹಿಡ್ಕೊಂಡು ಕುಂತಾರ. ನೀವು ನಮ್ಮೋರು ಅಂತ ಮೊದಲ ನಿಮಗ ತೋರ್ಸೀನಿ" ಅಂದರು. ಗಾಡಿ ಬಂದ್ ಆಯಿತು, ಚಾವಿ ಅವರ ಜೇಬಿಗೆ ಹೋಯಿತು. ನಾವು ಅಷ್ಟು ನೋಡಿಯೇ ಗಾಡಿ ಕೊಂಡೆವು.

ಮೊದಲ ಕೆಲಸ ಜೇವರ್ಗಿ ಕಡೆ ಒಂದು ಹೊಲದಲ್ಲಿ. ಬಾವಿಯಿಂದ ಮೇಲಿನ ಹೊಲಕ್ಕೆ ಪೈಪ್ ಹಾಕಲು ಕಾಲುವೆ ತೋಡಬೇಕಿತ್ತು. ಎರೆಭೂಮಿ ಬೇಸಿಗೆಯಲ್ಲಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮೇಲೆ ಕೈ ತೂರುವಷ್ಟು ಬಿರುಕು, ಕೆಳಗೆ ಗಟ್ಟಿ ಹೆಂಟೆ, ಅದರ ಕೆಳಗೆ ಅಲ್ಲಲ್ಲಿ ಫರ್ಸಿ ಕಲ್ಲಿನ ಪದರ. ಬೆಳಗ್ಗೆ ಗಾಡಿ ಚೆನ್ನಾಗಿಯೇ ಕೆಲಸ ಮಾಡಿತು. ಹೊತ್ತು ಏರಿದ ಹಾಗೆ ಬೂಮ್ ನಿಧಾನವಾಯಿತು. ಆಮೇಲೆ ಬಕೆಟ್ ಹಲ್ಲು ಮಣ್ಣಿಗೆ ಕಚ್ಚಿಕೊಂಡು ಅಲ್ಲೇ ನಿಂತುಬಿಡುತ್ತಿತ್ತು. ಲಿವರ್ ಪೂರ್ತಿ ಎಳೆದರೂ ಆರ್ಮ್ (ಬೂಮಿಗೂ ಬಕೆಟಿಗೂ ನಡುವಿನ ತೋಳು) ಮಡಚುತ್ತಿರಲಿಲ್ಲ. ಇಂಜಿನ್ ಸದ್ದು ಮಾತ್ರ ಹಾಗೇ, ಒಂಚೂರೂ ಲೋಡ್ ಬಿದ್ದ ಹಾಗೆ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತುಂಬಿದ ಬಕೆಟ್ ಎತ್ತಿ ಹಿಡಿದರೆ ತಾನಾಗೇ ಕೆಳಗೆ ಇಳಿಯುತ್ತಿತ್ತು. ಹೊಲದ ಮಾಲೀಕರು ಅರ್ಧ ತೋಡಿದ ಕಾಲುವೆ ಪಕ್ಕ ನಿಂತು ನೋಡುತ್ತಿದ್ದರು. ಸಂಜೆ ಗಾಡಿ ತಣ್ಣಗಾಗಿ ಮತ್ತೆ ಶುರು ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಚುರುಕಾಗಿತ್ತು.

ಮಾರಿದವರಿಗೆ ಫೋನ್ ಮಾಡಿದೆವು. "ನಿಮ್ಮ ಡ್ರೈವರಗ ಓಡ್ಸಾಕ ಬರಲ್ರಿ" ಅಂದರು. ಅಷ್ಟು ವರ್ಷ ಗಾಡಿ ಓಡಿಸಿದ ನನ್ನ ತಮ್ಮನಿಗೆ ಅಂದ ಮಾತು ಇದು. ನನಗೆ ದುಡ್ಡಿಗಿಂತ ಜಾಸ್ತಿ ನೋವಾದದ್ದು ಇದಕ್ಕೆ. ಆಮೇಲೆ ಅವರು ಫೋನ್ ಎತ್ತಲಿಲ್ಲ.

ಕಲಬುರಗಿಯಲ್ಲಿ ಹೈಡ್ರಾಲಿಕ್ ಕೆಲಸ ಮಾಡುವ ಒಬ್ಬ ಉಸ್ತಾದ್ ಹತ್ತಿರ ಒಯ್ದೆವು. ಅವರು ಮೊದಲು ಇಂಜಿನ್ ಕಡೆ ನೋಡಲೇ ಇಲ್ಲ. ಹೈಡ್ರಾಲಿಕ್ ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕಡ್ಡಿ ಅದ್ದಿ ಎತ್ತಿ ಹಿಡಿದರು. ಆಯಿಲ್ ಹನಿಯಾಗಿ ಬೀಳಲಿಲ್ಲ, ಎಳೆಯಾಗಿ ನಿಧಾನವಾಗಿ ಇಳಿಯಿತು. "ಇದು ಈ ಗಾಡಿ ಆಯಿಲ್ ಅಲ್ಲ ಭಯ್ಯಾ. ದಪ್ಪ ಹಾಕ್ಯಾರ" ಅಂದರು. ಆಗ ಎಲ್ಲ ತಿಳಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೋಸ ಇರುವುದೇ ಇಲ್ಲಿ. ಮಿನಿಯ ಎಲ್ಲ ಶಕ್ತಿ ಹೈಡ್ರಾಲಿಕ್ ಪಂಪಿನಿಂದ ಬರುತ್ತದೆ. ಪಂಪಿನೊಳಗೆ ಪಿಸ್ಟನ್‌ಗಳಿಗೂ ಅವು ಓಡಾಡುವ ತೂತಿಗೂ ನಡುವೆ ಕೂದಲಿಗಿಂತ ಸಣ್ಣ ಸಂದು ಇರುತ್ತದೆ. ಸವೆದಂತೆ ಆ ಸಂದು ದೊಡ್ಡದಾಗುತ್ತದೆ. ಆಗ ಆಯಿಲ್, ಬೂಮ್ ಆರ್ಮ್ ಆಡಿಸುವ ಜಾಕ್‌ಗೆ (ಸಿಲಿಂಡರಿಗೆ) ಹೋಗುವ ಬದಲು ಒಳಗೊಳಗೇ ಸೋರಿ ಟ್ಯಾಂಕಿಗೆ ವಾಪಸ್ ಬರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆಯಿಲ್ ತಣ್ಣಗಿದ್ದಾಗ ದಪ್ಪ ಇರುವುದರಿಂದ ಸೋರಿಕೆ ಕಡಿಮೆ. ಕಾದಾಗ ನೀರಾಗಿ ಸೋರಿಕೆ ಹೆಚ್ಚುತ್ತದೆ. 46 ನಂಬರಿನ ಹೈಡ್ರಾಲಿಕ್ ಆಯಿಲ್ ಅಂದರೆ 40 ಡಿಗ್ರಿಯಲ್ಲಿ ಅದರ ದಪ್ಪ 46 ಸೆಂಟಿಸ್ಟೋಕ್. ಅದೇ ಆಯಿಲ್ 100 ಡಿಗ್ರಿಗೆ ಹೋದರೆ ಸುಮಾರು 7ಕ್ಕೆ ಇಳಿಯುತ್ತದೆ. ಕೆಲಸ ಮಾಡುವ ಗಾಡಿಯಲ್ಲಿ ಆಯಿಲ್ ಸಾಮಾನ್ಯವಾಗಿ 50ರಿಂದ 80 ಡಿಗ್ರಿಯ ನಡುವೆ ಇರುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಮೇಲೇರುತ್ತದೆ. ಸವೆದ ಪಂಪಿಗೆ ದಪ್ಪ ಆಯಿಲ್ ತುಂಬಿಸಿ, ಬೆಳಗಿನ ತಂಪಲ್ಲಿ, ಸಡಿಲ ಮುರುಮಿನಲ್ಲಿ ಕಾಲು ಗಂಟೆ ತೋರಿಸಿದರೆ ಎಂಥ ಒಳ್ಳೆ ಆಪರೇಟರನಿಗೂ ಗೊತ್ತಾಗುವುದಿಲ್ಲ.

ಉಸ್ತಾದ್ ಗಾಡಿಯನ್ನು ಬಿಸಿ ಮಾಡಿ, ಪಂಪಿನೊಳಗೆ ಸೋರಿದ ಆಯಿಲ್ ಟ್ಯಾಂಕಿಗೆ ಒಯ್ಯುವ ಕೇಸ್ ಡ್ರೇನ್ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದು ತೋರಿಸಿದರು. ಸಣ್ಣಗೆ ಬರಬೇಕಾದ ಆಯಿಲ್ ನಲ್ಲಿ ಬಿಟ್ಟ ಹಾಗೆ ಬರುತ್ತಿತ್ತು. ಪ್ರೆಷರ್ ಗೇಜ್ ಹಾಕಿದಾಗ ಬೆಳಗಿಗೂ ಮಧ್ಯಾಹ್ನಕ್ಕೂ ಬಹಳ ಅಂತರ. ಪಂಪ್ ರಿಪೇರಿಗೇ ಎರಡು ಲಕ್ಷದ ಮೇಲೆ ಹೇಳಿದರು.

ಹಾಗಾಗಿ ಟ್ರಯಲ್ ಹೇಗೆ ಮಾಡಬೇಕು ಅಂತ ಉಸ್ತಾದ್ ನಮಗೆ ತೋರಿಸಿದ ರೀತಿಯಲ್ಲೇ ಹೇಳುತ್ತೇನೆ. ಹೋದ ತಕ್ಷಣ ಇಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ, ತಣ್ಣಗಾದ ಮೇಲೆ ಬರುತ್ತೇವೆ ಅನ್ನಿ. ತಣ್ಣನೆ ಇಂಜಿನ್ ಹೇಗೆ ಶುರುವಾಗುತ್ತದೆ ಅನ್ನುವುದನ್ನು ನೀವೇ ನೋಡಬೇಕು. ಹೊಗೆ ನೀಲಿ ಇದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ. ಓಡುವಾಗ ಇಂಜಿನ್ ಆಯಿಲಿನ ಮುಚ್ಚಳ ಸಡಿಲಿಸಿ ಅಲ್ಲೇ ತಲೆಕೆಳಗಾಗಿ ಇಡಿ. ಅದು ಕುಣಿದು ಕೆಳಗೆ ಬೀಳುವಷ್ಟು ಗಾಳಿ ಒತ್ತಿದರೆ ಇಂಜಿನ್ನಿನ ಪಿಸ್ಟನ್ ರಿಂಗ್ ಹೋಗಿವೆ.

ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ಫುಲ್ ರೇಸಿನಲ್ಲಿ ಬೂಮ್ ಕೆಳಗಿನಿಂದ ಪೂರ್ತಿ ಮೇಲೇಳಲು ಎಷ್ಟು ಸೆಕೆಂಡ್, ಆರ್ಮ್ ಪೂರ್ತಿ ಮಡಚಲು ಎಷ್ಟು, ಒಂದು ಸುತ್ತು ಸ್ವಿಂಗ್‌ಗೆ ಎಷ್ಟು ಅಂತ ಬರೆದುಕೊಳ್ಳಿ. ಹೆಚ್ಚಿನ ಮಿನಿಗಳು ನಿಮಿಷಕ್ಕೆ 9 ಸುತ್ತಿನ ಆಚೀಚೆ ತಿರುಗುತ್ತವೆ, ಅಂದರೆ ಒಂದು ಸುತ್ತಿಗೆ ಆರೇಳು ಸೆಕೆಂಡ್. ಈಗ ಗಾಡಿಯನ್ನು ಗಟ್ಟಿ ನೆಲಕ್ಕೆ ಒಯ್ದು ಕಡಿಮೆ ಅಂದರೂ ಒಂದು ಗಂಟೆ ನಿಜವಾದ ಕೆಲಸ ಮಾಡಿಸಿ. ಸುಮ್ನೆ ಗಾಳಿಯಲ್ಲಿ ಆಡಿಸಿದರೆ ಆಯಿಲ್ ಸರಿಯಾಗಿ ಕಾಯುವುದಿಲ್ಲ. ಬೇಸಿಗೆಯಾದರೆ ಮಧ್ಯಾಹ್ನವೇ ಹೋಗಿ, ಬಿಸಿಲು ತಡೆದುಕೊಳ್ಳಿ. ಕಾದ ಮೇಲೆ ಅದೇ ಅಳತೆ ಮತ್ತೆ ತೆಗೆಯಿರಿ. ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಕಣ್ಣಿಗೆ ಹೊಡೆಯುವಷ್ಟು ಇದ್ದರೆ ಪಂಪಿನದೋ ವಾಲ್ವಿನದೋ ತೊಂದರೆ.

ಕಾದಿರುವಾಗಲೇ ಇನ್ನೊಂದು ಪರೀಕ್ಷೆ. ಬಕೆಟ್ ತುಂಬಿಸಿ, ಆರ್ಮ್ ಚಾಚಿ, ಬೂಮ್ ಅರ್ಧ ಎತ್ತಿ ಇಂಜಿನ್ ಬಂದ್ ಮಾಡಿ. ಬೂಮ್ ಜಾಕ್‌ನ ಹೊಳೆಯುವ ರಾಡಿನ ಮೇಲೆ, ಸೀಲ್ ಅಂಚಿಗೆ ಸರಿಯಾಗಿ ಚಾಕ್‌ಪೀಸಿನಿಂದ ಒಂದು ಗೆರೆ ಎಳೆಯಿರಿ. ನಮ್ಮ ಗಾಡಿಯಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಆ ಗೆರೆ ಒಳಗೆ ಹೋಗಿ ಕಾಣದಂತಾಗಿತ್ತು. ಜಾಕ್ ಸೀಲ್ ಅಥವಾ ವಾಲ್ವ್ ಸೋರುತ್ತಿದ್ದರೆ ಹೀಗಾಗುತ್ತದೆ. ಗೆರೆ ಎಳೆಯುವವರು ಬೂಮಿನ ಕೆಳಗೆ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು. ಪೈಪ್ ಸೋರುತ್ತಿದೆಯಾ ಅಂತ ಕೈಯಿಂದ ಸವರಿಯೂ ನೋಡಬೇಡಿ. 200 ಬಾರ್ ಮೇಲಿನ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಾಣುತ್ತದೆ, ಆದರೆ ಬೆರಳೋ ಕೈಯೋ ಹೋಗುವಷ್ಟು ಅಪಾಯ. ಒಂದು ರಟ್ಟಿನ ತುಂಡು ಹಿಡಿದು ನೋಡಿ.

ಚೈನ್ (ಚಕ್ರದ ಬದಲು ಗಾಡಿ ಓಡುವ ಪಟ್ಟಿ, ಅಂದರೆ ಟ್ರ್ಯಾಕ್) ನೋಡುವುದು ಸುಲಭ. ಎರಡೂ ಟ್ರಾವೆಲ್ ಲಿವರ್ ಪೂರ್ತಿ ಒತ್ತಿ ನೇರ ಓಡಿಸಿ, ಗಾಡಿ ಒಂದೇ ಕಡೆ ಎಳೆಯುತ್ತಿದ್ದರೆ ಆ ಬದಿಯ ಮೋಟರ್ ಸೋತಿದೆ, ಇಲ್ಲವೇ ಪಂಪ್ ಸರಿ ಇಲ್ಲ. ರಬ್ಬರ್ ಟ್ರ್ಯಾಕ್ ಒಳಗಿನ ಉಕ್ಕಿನ ತಂತಿ ಎಲ್ಲಾದರೂ ಕಾಣುತ್ತಿದ್ದರೆ ಅದರ ಆಯಸ್ಸು ಮುಗಿಯಿತು ಅಂತಲೇ ಲೆಕ್ಕ. ಶಹಾಬಾದ್, ವಾಡಿ ಕಡೆಯ ಕಲ್ಲಿನಲ್ಲಿ ಓಡಿದ ಗಾಡಿಯಾದರೆ ಇದನ್ನು ಬಿಡದೆ ನೋಡಿ.

ಕೀಲುಗಳ ಪಿನ್, ಬುಷ್ (ಪಿನ್ ಕೂರುವ ಕೊಳವೆ) ವಿಷಯದಲ್ಲಿ ಜನ ಬಕೆಟ್ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ಮಿನಿಯಲ್ಲಿ ಮುಖ್ಯವಾದ ಜಾಗ ಬೇರೆ. ಬೂಮ್ ಎಡಕ್ಕೆ ಬಲಕ್ಕೆ ಹೊರಳುವ ಮುಂದಿನ ದೊಡ್ಡ ಪಿನ್ ಇದೆಯಲ್ಲ, ಅಲ್ಲಿ ಆಟ (ಸಡಿಲ) ಇದ್ದರೆ ದೊಡ್ಡ ಖರ್ಚು. ಅದರ ಸುತ್ತ ಹೊಸ ಗ್ರೀಸ್ ಮೆತ್ತಿದ್ದರೆ ಒರೆಸಿ ನೋಡಿ. ನಮ್ಮ ಗಾಡಿಯಲ್ಲಿ ಗ್ರೀಸಿನ ಕೆಳಗೆ ವೆಲ್ಡಿಂಗ್ ಇತ್ತು, ಅದರ ಮೇಲೆ ಹೊಸ ಬಣ್ಣ. ಬಕೆಟನ್ನು ನೆಲಕ್ಕೆ ಒತ್ತಿ ಗಾಡಿಯ ಮುಂಭಾಗ ಸ್ವಲ್ಪ ಎತ್ತಿ ಇಳಿಸುವಾಗ, ಕ್ಯಾಬಿನ್ ಭಾಗ ಮತ್ತು ಚಾಸಿ ನಡುವಿನ ಸ್ವಿಂಗ್ ರಿಂಗಿನ ಸಂದನ್ನೂ ದೂರದಿಂದ ಗಮನಿಸಿ.

ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ತೋರಿಸಿ ಕಡಿಮೆ ಓಡಿದೆ ಅಂದರೆ ನಂಬಬೇಡಿ, ಮೀಟರ್ ಬದಲಿಸುವುದು ದೊಡ್ಡ ಕೆಲಸವಲ್ಲ. ಪೆಡಲ್ ರಬ್ಬರ್, ಲಿವರಿನ ಹಿಡಿ, ಚೈನ್ ಎಳೆಯುವ ಸ್ಪ್ರಾಕೆಟ್ ಹಲ್ಲು ಎಷ್ಟು ಸವೆದಿವೆ ನೋಡಿ, ಅವು ಸುಳ್ಳು ಹೇಳುವುದಿಲ್ಲ.

ಸಾಧ್ಯವಾದರೆ ನಿಮ್ಮದೇ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕರೆದುಕೊಂಡು ಹೋಗಿ, ಗೇಜ್ ಹಾಕಿಸಿ. ಮಿನಿಗಳ ಮೇನ್ ಪ್ರೆಷರ್ ಮಾಡೆಲ್ ಪ್ರಕಾರ ಸುಮಾರು 200ರಿಂದ 250 ಬಾರ್ ಇರುತ್ತದೆ. ನಿಮ್ಮ ಮಾಡೆಲಿನ ಪುಸ್ತಕದಲ್ಲಿ ಎಷ್ಟಿದೆ ಅಂತ ಮೊದಲೇ ನೋಡಿಕೊಂಡು, ಆಯಿಲ್ ಕಾದಿರುವಾಗ ತಾಳೆ ಹಾಕಿ. ಆ ಕೂಲಿ ಎಷ್ಟಾದರೂ ಪಂಪಿನ ಖರ್ಚಿನ ಮುಂದೆ ಏನೂ ಅಲ್ಲ.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಚೈನ್ ಗಾಡಿಗೆ ಲಾರಿಯ ಹಾಗೆ ಆರ್‌ಸಿ ಸಾಮಾನ್ಯವಾಗಿ ಇರುವುದಿಲ್ಲ. ಮೂಲ ಇನ್‌ವಾಯ್ಸ್ ಕೇಳಿ. ಅದರಲ್ಲಿರುವ ಸೀರಿಯಲ್ ನಂಬರ್ ಗಾಡಿಯ ಪ್ಲೇಟಿನ ನಂಬರಿಗೂ ಇಂಜಿನ್ ನಂಬರಿಗೂ ಹೊಂದಬೇಕು. ಸಾಲದ ಮೇಲೆ ತಗೊಂಡ ಗಾಡಿಯಾದರೆ ಫೈನಾನ್ಸ್‌ನವರ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ.

ಟೋಕನ್ ಕೊಡುವಾಗ ಚೀಟಿಯಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಗಟ್ಟಿ ನೆಲದಲ್ಲಿ ಒಂದು ಗಂಟೆ ಓಡಿಸಿ ನೋಡಿದಾಗ ತೊಂದರೆ ಕಂಡರೆ ಟೋಕನ್ ಪೂರ್ತಿ ವಾಪಸ್. ನಮ್ಮ ಮಾರಾಟದ ಕಾಗದದಲ್ಲಿ ಅವರು ಬರೆಸಿದ್ದು "ಇರುವ ಸ್ಥಿತಿಯಲ್ಲಿಯೇ ನೋಡಿ ಒಪ್ಪಿದ್ದೇನೆ" ಅಂತ. ಈ ಸಾಲು ಕಂಡರೆ ಹೊಡೆದು ಹಾಕಿಸಿ. ಈಗ ಮಾರಿದವರು ಹಿಡಿದುಕೊಂಡಿರುವುದು ಅದೊಂದನ್ನೇ.

ನಾವು ವಕೀಲರನ್ನು ಕಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ವ್ಯಾಪಾರಕ್ಕೆ ಅಂತ ಕೊಂಡ ವಸ್ತುವಿಗೆ ಅಲ್ಲಿ ಜಾಗ ಇಲ್ಲ ಅಂತ ಬಹಳ ಜನ ನಮಗೆ ಹೇಳಿದ್ದರು. ಆದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೇ ಕೊಂಡಿದ್ದರೆ ಅವನೂ ಗ್ರಾಹಕನೇ ಅಂತ ಇದೆ. ತಮ್ಮ ತಾನೇ ಗಾಡಿ ಓಡಿಸುವವನು, ಬೇರೆ ಆದಾಯ ಇಲ್ಲ. ಆ ಆಧಾರದ ಮೇಲೆ ಕೇಳಿದ್ದೇವೆ. ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು, ಆದ್ದರಿಂದ ಈಗಾಗಲೇ ಇಂಥ ಗಾಡಿ ತಗೊಂಡು ಸುಮ್ಮನೆ ಕೂತವರು ತಡ ಮಾಡಬೇಡಿ. ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು. ವಕೀಲರು ನಮ್ಮ ಹತ್ತಿರ ಮೊದಲು ಕೇಳಿದ್ದು ಟ್ರಯಲ್ ದಿನದ ವಿಡಿಯೊ, ದುಡ್ಡು ಕಳಿಸಿದ ದಾಖಲೆ, ವಾಟ್ಸ್ಆ್ಯಪಿನಲ್ಲಿ ಬಂದ ವಾಯ್ಸ್ ಮೆಸೇಜ್, ಮತ್ತೆ ಮೆಕ್ಯಾನಿಕ್ ಬರೆದುಕೊಟ್ಟ ವರದಿ. ಇವುಗಳಲ್ಲಿ ಒಂದನ್ನೂ ಅಳಿಸಬೇಡಿ, ಫೋನ್ ಬದಲಿಸಿದರೂ ಕಾಪಿ ಮಾಡಿಟ್ಟುಕೊಳ್ಳಿ.