ವಿಝರ್ಡ್, ಸಾರ್ಸರರ್, ವಾರ್‌ಲಾಕ್: ಐದನೇ ಲೆವೆಲ್‌ನಲ್ಲಿ ಮೂವರನ್ನೂ ಆಡಿ ನೋಡಿದಾಗ

ಮೇಜಿನ ಸುತ್ತ ಕೂತು ದಾಳ ಹಾಕುತ್ತ ಪಾತ್ರ ವಹಿಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಈ ಮೂರು ಕ್ಲಾಸ್‌ಗಳನ್ನು (ಪಾತ್ರದ ಬಗೆಗಳನ್ನು) ಕನ್ನಡಕ್ಕೆ ತರಲು ಹೊರಟರೆ ಮೂವರೂ ‘ಮಾಂತ್ರಿಕ’ರೇ ಆಗಿಬಿಡುತ್ತಾರೆ. ಟೇಬಲ್ ಮೇಲೆ ಮಾತ್ರ ಮೂವರ ದಿನಚರಿಯೇ ಬೇರೆ. ವಿಝರ್ಡ್ ಓದಿ ಕಲಿತವನು, ಸಾರ್ಸರರ್‌ಗೆ ವಿದ್ಯೆ ಹುಟ್ಟಿನಿಂದ ಬಂದದ್ದು, ವಾರ್‌ಲಾಕ್ ಯಾವುದೋ ದೊಡ್ಡ ಶಕ್ತಿಯ ಜತೆ ಕರಾರು ಮಾಡಿಕೊಂಡು ಪಡೆದವನು. ಹೆಸರುಗಳು ಇಂಗ್ಲಿಷಿನವೇ ಇರಲಿ, ಗೊಂದಲ ತಪ್ಪುತ್ತದೆ.

ಹೋಲಿಕೆಗೆ ಹಿಡಿದದ್ದು 2014ರ ಐದನೇ ಆವೃತ್ತಿಯ ನಿಯಮ. ಮೂವರೂ ಐದನೇ ಲೆವೆಲ್. ಸಾಮರ್ಥ್ಯದ ಅಂಕಗಳಲ್ಲಿ ವಿಝರ್ಡ್‌ಗೆ ಇಂಟೆಲಿಜೆನ್ಸ್ 18, ಉಳಿದಿಬ್ಬರಿಗೆ ಕರಿಸ್ಮಾ 18. ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್ ಎಲ್ಲರಿಗೂ 14. ಹಾಗಾಗಿ ಮೂವರೂ ಮಂತ್ರದಾಳಿಗೆ ಹಾಕುವ 20 ಮುಖದ ದಾಳಕ್ಕೆ +7, ಮಂತ್ರದಿಂದ ಪಾರಾಗಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ 15. ಐದನೇ ಲೆವೆಲ್ಲೇ ಯಾಕೆಂದರೆ ಫೈರ್‌ಬಾಲ್‌ನಂಥ ಮೂರನೇ ಹಂತದ ಮಂತ್ರಗಳು ಕೈಗೆ ಬರುವುದು ಅಲ್ಲೇ.

ಕ್ಲಾಸ್ ಆರಿಸುವವರು ಸಾಮಾನ್ಯವಾಗಿ ಮಂತ್ರಗಳ ಪಟ್ಟಿ ಓದಿ ಆರಿಸುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಆಟದೊಳಗಿನ ಒಂದು ದಿನದಲ್ಲಿ ಎಷ್ಟು ಜಗಳ ಇಡುತ್ತಾರೆ, ನಡುವೆ ಎಷ್ಟು ಸಲ ಒಂದು ಗಂಟೆಯ ಶಾರ್ಟ್ ರೆಸ್ಟ್ ಕೊಡುತ್ತಾರೆ? ಉತ್ತರ ಬದಲಾದರೆ ಮೂವರ ಲೆಕ್ಕವೂ ತಿರುಗುಮುರುಗಾಗುತ್ತದೆ.

ವಿಝರ್ಡ್‌ಗೂ ಸಾರ್ಸರರ್‌ಗೂ ದಿನಕ್ಕೆ ಸಿಗುವ ಸ್ಲಾಟ್‌ಗಳ (ಒಂದು ಸ್ಲಾಟ್ ಖರ್ಚು ಮಾಡಿದರೆ ಒಂದು ಮಂತ್ರ) ಪಟ್ಟಿ ಒಂದೇ: ಮೊದಲ ಹಂತದವು 4, ಎರಡನೆಯವು 3, ಮೂರನೆಯವು 2. ವಾರ್‌ಲಾಕ್‌ಗೆ ಇರುವುದು ಎರಡೇ ಸ್ಲಾಟ್, ಆದರೆ ಎರಡೂ ಮೂರನೇ ಹಂತದವು, ಶಾರ್ಟ್ ರೆಸ್ಟ್ ಮುಗಿದೊಡನೆ ಎರಡೂ ವಾಪಸ್. ಡಿಎಂಗಳ ಕೈಪಿಡಿ ಅಂದಾಜಿಸುವಂತೆ ದಿನಕ್ಕೆ ಆರರಿಂದ ಎಂಟು ಮುಖಾಮುಖಿ, ನಡುವೆ ಎರಡು ಶಾರ್ಟ್ ರೆಸ್ಟ್ ಸಿಕ್ಕರೆ ವಾರ್‌ಲಾಕ್ ಮೂರನೇ ಹಂತದ ಮಂತ್ರವನ್ನು ಆರು ಸಲ ಹಾಕುತ್ತಾನೆ. ವಿಝರ್ಡ್‌ಗೆ ಅದು ಮೂರೇ ಸಲ: ತನ್ನ ಎರಡು, ಜತೆಗೆ ಆರ್ಕೇನ್ ರಿಕವರಿಯಿಂದ (ಖರ್ಚಾದ ಸ್ಲಾಟ್ ವಾಪಸ್ ಪಡೆಯುವ ವಿಝರ್ಡ್‌ನ ಸೌಲಭ್ಯ) ಬರುವ ಒಂದು. ಆರ್ಕೇನ್ ರಿಕವರಿಗೂ ಒಂದು ಶಾರ್ಟ್ ರೆಸ್ಟ್ ಬೇಕು ಎನ್ನುವುದನ್ನು ತುಂಬ ಜನ ಮರೆಯುತ್ತಾರೆ. ಸಾರ್ಸರರ್ ತನ್ನ ಬಳಿ ಇರುವ ಐದೂ ಸಾರ್ಸರಿ ಪಾಯಿಂಟ್ ಸುರಿದು ಮೂರನೇ ಹಂತದ ಇನ್ನೊಂದು ಸ್ಲಾಟ್ ಕಟ್ಟಿಕೊಳ್ಳಬಹುದು. ಆಮೇಲೆ ಅವನ ಬಳಿ ಮೆಟಾಮ್ಯಾಜಿಕ್‌ಗೆ, ಅಂದರೆ ಪಾಯಿಂಟ್ ಕೊಟ್ಟು ಮಂತ್ರದ ರೀತಿ ಬದಲಿಸುವುದಕ್ಕೆ, ಬಿಡಿಗಾಸೂ ಇರುವುದಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಗಂಟೆ ಸೇರಿ ಒಂದೇ ದೊಡ್ಡ ಜಗಳ ಆಡುವ ಗುಂಪಾದರೆ ಕಥೆ ಉಲ್ಟಾ. ವಾರ್‌ಲಾಕ್ ಎರಡು ಸುತ್ತಿನಲ್ಲಿ ಎರಡು ಮಂತ್ರ ಮುಗಿಸಿ ಕೂರುತ್ತಾನೆ, ಸಾರ್ಸರರ್ ಒಂಬತ್ತು ಸ್ಲಾಟ್‌ಗಳನ್ನೂ ಪಾಯಿಂಟ್‌ಗಳನ್ನೂ ಅದೇ ಜಗಳದಲ್ಲಿ ಉರಿಸಬಲ್ಲ.

ಸ್ಲಾಟ್ ಖರ್ಚಿಲ್ಲದ ಕ್ಯಾಂಟ್ರಿಪ್ ವಿಷಯದಲ್ಲಿ ಮಾತ್ರ ವಾರ್‌ಲಾಕ್ ಹತ್ತಿರ ಯಾರೂ ಸುಳಿಯುವುದಿಲ್ಲ. ವಿಝರ್ಡ್, ಸಾರ್ಸರರ್ ಇಬ್ಬರೂ ಬಿಡುವ ಫೈರ್ ಬೋಲ್ಟ್‌ಗೆ 10 ಮುಖದ ಎರಡು ದಾಳ, ಏಟಿನ ಬಲ ಸರಾಸರಿ 11. ವಾರ್‌ಲಾಕ್‌ನ ಎಲ್ಡ್ರಿಚ್ ಬ್ಲಾಸ್ಟ್‌ಗೂ ಅಷ್ಟೇ ದಾಳ, ಆದರೆ ಎರಡು ಬೇರೆ ಬೇರೆ ಕಿರಣಗಳಾಗಿ. ಅಗನೈಸಿಂಗ್ ಬ್ಲಾಸ್ಟ್ ಎಂಬ ಇನ್ವೊಕೇಶನ್ (ವಾರ್‌ಲಾಕ್ ಆರಿಸಿಕೊಳ್ಳುವ ವಿಶೇಷ ಶಕ್ತಿ) ತೆಗೆದುಕೊಂಡರೆ ತಾಗಿದ ಪ್ರತಿ ಕಿರಣಕ್ಕೂ ಕರಿಸ್ಮಾ 18ರಿಂದ ಬರುವ 4 ಸೇರಿ ಒಟ್ಟು 19. ಹೆಕ್ಸ್ ಮಂತ್ರ ಹಾಕಿದ್ದರೆ ಪ್ರತಿ ಏಟಿಗೂ 6 ಮುಖದ ಇನ್ನೊಂದು ದಾಳ, ಮೊತ್ತ 26. ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಸಂಖ್ಯೆ) 15 ಇದ್ದು ನೂರಕ್ಕೆ 65 ಏಟು ತಾಗುತ್ತವೆ ಎಂದು ಹಿಡಿದರೆ ಒಂದೊಂದು ಸುತ್ತಿನಲ್ಲಿ ಫೈರ್ ಬೋಲ್ಟ್ ಸುಮಾರು 7, ಹೆಕ್ಸ್ ಸಮೇತ ಎಲ್ಡ್ರಿಚ್ ಬ್ಲಾಸ್ಟ್ ಸುಮಾರು 17. ಅಗನೈಸಿಂಗ್ ಬ್ಲಾಸ್ಟ್ ಬಿಟ್ಟು ಬೇರೇನೋ ಚೆಂದದ ಇನ್ವೊಕೇಶನ್ ಆರಿಸಿಕೊಂಡ ವಾರ್‌ಲಾಕ್‌ನದು ಬರೀ ಗೋಳು.

ಇಲ್ಲೊಂದು ಉಪಾಯವಿದೆ. ಮೂರನೇ ಹಂತದ ಸ್ಲಾಟ್‌ನಲ್ಲಿ ಹಾಕಿದ ಹೆಕ್ಸ್ ಎಂಟು ಗಂಟೆ ಬಾಳುತ್ತದೆ. ಬೆಳಗಿನ ಮೊದಲ ಜಗಳದಲ್ಲೇ ಹಾಕಿ, ಕಾನ್ಸಂಟ್ರೇಷನ್ (ಮಂತ್ರ ನಿಲ್ಲದಂತೆ ಅದರ ಮೇಲಿಡುವ ಗಮನ, ಒಮ್ಮೆಗೆ ಒಂದೇ ಮಂತ್ರದ ಮೇಲೆ) ಬಿಡದೆ ಶಾರ್ಟ್ ರೆಸ್ಟ್ ತೆಗೆದುಕೊಂಡರೆ ಸ್ಲಾಟ್ ವಾಪಸ್ ಬಂದಿರುತ್ತದೆ, ಹೆಕ್ಸ್ ಇನ್ನೂ ನಡೆಯುತ್ತಿರುತ್ತದೆ. ಆದರೆ ಅಷ್ಟು ಹೊತ್ತೂ ಹಿಪ್ನಾಟಿಕ್ ಪ್ಯಾಟರ್ನ್‌ನಂತೆ ಕಾನ್ಸಂಟ್ರೇಷನ್ ಬೇಡುವ ಬೇರೆ ಮಂತ್ರ ಹಾಕುವಂತಿಲ್ಲ.

ಕಾನ್ಸಂಟ್ರೇಷನ್ ಕಾಪಾಡುವುದರಲ್ಲಿ ಸಾರ್ಸರರ್ ಮುಂದು. ಏಟು ಬಿದ್ದಾಗ ಕಾನ್‌ಸ್ಟಿಟ್ಯೂಷನ್ ಮೇಲೆ ದಾಳ ಹಾಕಿ 10 ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದನ್ನು ಮುಟ್ಟಬೇಕು. ಸಾರ್ಸರರ್‌ಗೆ ಇಲ್ಲಿ +5, ಉಳಿದಿಬ್ಬರಿಗೆ +2. ಅಂದರೆ 10 ಮುಟ್ಟಲು ಸಾರ್ಸರರ್‌ಗೆ ನೂರಕ್ಕೆ 80 ಅವಕಾಶ, ಅವರಿಗೆ 65. ವಿಝರ್ಡ್ ನಾಲ್ಕನೇ ಲೆವೆಲ್‌ನಲ್ಲಿ ವಾರ್ ಕಾಸ್ಟರ್ ಎಂಬ ಫೀಟ್ (ಸಾಮರ್ಥ್ಯದ ಅಂಕ ಏರಿಸುವ ಬದಲು ಪಡೆಯುವ ವಿಶೇಷ ಕೌಶಲ) ತೆಗೆದುಕೊಂಡರೆ 88ರ ಹತ್ತಿರ ಹೋಗುತ್ತಾನೆ, ಆಗ ಇಂಟೆಲಿಜೆನ್ಸ್ 16ರಲ್ಲೇ ನಿಲ್ಲುತ್ತದೆ.

ಹಾಗಂತ 80ನ್ನು ನಂಬಿ ಕೂರಬೇಡಿ. ಸಾರ್ಸರರ್‌ನ ಹೆಸರುವಾಸಿ ಆಟವೆಂದರೆ ವೇಗ ಹೆಚ್ಚಿಸುವ ಹೇಸ್ಟ್ ಮಂತ್ರವನ್ನು ಮೂರು ಪಾಯಿಂಟ್ ಕೊಟ್ಟು ಟ್ವಿನ್ ಮಾಡಿ ಗುಂಪಿನ ಯೋಧರಾದ ಫೈಟರ್, ಪ್ಯಾಲಡಿನ್ ಇಬ್ಬರಿಗೂ ಹಾಕುವುದು. ಓಗ್ರ್ ಎಂಬ ದೈತ್ಯಜೀವಿ ಒಂದು ಪಕ್ಕದಿಂದ ಬಂದು ದೊಣ್ಣೆ ಬೀಸುತ್ತದೆ, ಏಟಿನ ಬಲ 13. ಅರ್ಧ 6, ಆದ್ದರಿಂದ ಗುರಿ 10. ದಾಳದಲ್ಲಿ 3 ಬಿತ್ತು, +5 ಸೇರಿ 8. ಕಾನ್ಸಂಟ್ರೇಷನ್ ಮುರಿಯಿತು, ಹೇಸ್ಟ್ ಮುಗಿಯಿತು. ಹೇಸ್ಟ್ ಮುಗಿಯುವಾಗ ಹಾಕಿಸಿಕೊಂಡವನು ತನ್ನ ಮುಂದಿನ ಸರದಿ ಕಳೆದುಕೊಳ್ಳುತ್ತಾನೆ ಎನ್ನುವುದು ಆ ಮಂತ್ರದ ನಿಯಮ. ಈಗ ಫೈಟರ್, ಪ್ಯಾಲಡಿನ್ ಇಬ್ಬರೂ ಒಟ್ಟಿಗೇ ಕಲ್ಲುಗಂಬ. ಟ್ವಿನ್ ಮಾಡಿದ ಮೇಲೆ ಸಾರ್ಸರರ್ ಗೋಡೆಯ ಹಿಂದೆ ಇರಬೇಕು. ಓಗ್ರ್ ಹತ್ತಿರ ಬಂದೇಬಿಟ್ಟರೆ ರಿಯಾಕ್ಷನ್‌ನಲ್ಲಿ (ಬೇರೆಯವರ ಸರದಿಯ ನಡುವೆ) ಶೀಲ್ಡ್ ಮಂತ್ರ ಹಾಕಲು ಮೊದಲ ಹಂತದ ಒಂದು ಸ್ಲಾಟ್ ಉಳಿಸಿಕೊಂಡಿರಬೇಕು. ಆರ್ಮರ್ ಕ್ಲಾಸ್ 15 ಇದ್ದಾಗ ಓಗ್ರ್‌ನ ಏಟು ನೂರಕ್ಕೆ 60 ತಾಗುತ್ತದೆ, ಶೀಲ್ಡ್‌ನಿಂದ 20 ಆದಾಗ 35.

ಸಾರ್ಸರರ್ ಆಡುವವರು ಎಡವುವ ಇನ್ನೆರಡು ಕಡೆ ಇವೆ. ಕ್ವಿಕನ್ಡ್ ಸ್ಪೆಲ್ ಎಂಬ ಮೆಟಾಮ್ಯಾಜಿಕ್‌ಗೆ (ಮಂತ್ರವನ್ನು ಬೋನಸ್ ಆಕ್ಷನ್‌ನಲ್ಲಿ, ಅಂದರೆ ಸರದಿಯ ಹೆಚ್ಚುವರಿ ಕ್ರಿಯೆಯಲ್ಲಿ ಹಾಕುವುದು) ಎರಡು ಪಾಯಿಂಟ್ ಕೊಟ್ಟು ಒಂದೇ ಸರದಿಯಲ್ಲಿ ಎರಡು ಫೈರ್‌ಬಾಲ್ ಎಸೆಯಬಹುದು ಅಂದುಕೊಳ್ಳುತ್ತಾರೆ, ಆಗುವುದಿಲ್ಲ. ಬೋನಸ್ ಆಕ್ಷನ್‌ನಲ್ಲಿ ಮಂತ್ರ ಹಾಕಿದ ಸರದಿಯಲ್ಲಿ ಆಕ್ಷನ್‌ಗೆ ಕ್ಯಾಂಟ್ರಿಪ್ ಮಾತ್ರ. ಎರಡನೆಯದು ಕೇರ್‌ಫುಲ್ ಸ್ಪೆಲ್. ಒಂದು ಪಾಯಿಂಟ್ ಕೊಟ್ಟು ಗೆಳೆಯರನ್ನು ಆರಿಸಿದರೆ ಅವರ ಸೇವಿಂಗ್ ಥ್ರೋ (ಮಂತ್ರದಿಂದ ಪಾರಾಗಲು ಹಾಕುವ ದಾಳ) ತಾನಾಗಿ ಗೆಲ್ಲುತ್ತದೆ ನಿಜ, ಆದರೆ ಫೈರ್‌ಬಾಲ್‌ನಲ್ಲಿ ಗೆದ್ದವರಿಗೂ ಅರ್ಧ ಏಟು ಉಂಟು. 6 ಮುಖದ ಎಂಟು ದಾಳದ ಸರಾಸರಿ 28, ಗೆಳೆಯರಿಗೆ 14. ಕೇರ್‌ಫುಲ್ ಇರುವುದು ಹಿಪ್ನಾಟಿಕ್ ಪ್ಯಾಟರ್ನ್‌ನಂಥ ಮಂತ್ರಗಳಿಗೆ, ಅಲ್ಲಿ ಗೆದ್ದವರಿಗೆ ಏನೂ ಆಗುವುದಿಲ್ಲ. ಅಂದಹಾಗೆ ಆರ್ಕ್ ಎಂಬ ವೈರಿಗೆ ಹಿಟ್ ಪಾಯಿಂಟ್ (ಬೀಳುವ ಮೊದಲು ತಡೆಯಬಲ್ಲ ಏಟಿನ ಲೆಕ್ಕ) 15. ಸರಾಸರಿ ಫೈರ್‌ಬಾಲ್‌ನಿಂದ ಅರ್ಧ ತಪ್ಪಿಸಿಕೊಂಡ ಆರ್ಕ್ ಒಂದೇ ಒಂದು ಪಾಯಿಂಟ್ ಹಿಡಿದುಕೊಂಡು ನಿಂತಿರುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಜಗಳದ ಹೊರಗೆ ವಿಝರ್ಡ್‌ಗೆ ಸಾಟಿಯಿಲ್ಲ. ಸಾರ್ಸರರ್, ವಾರ್‌ಲಾಕ್‌ಗೆ ಗೊತ್ತಿರುವ ಮಂತ್ರ ಆರಾರು, ಬದಲಾಯಿಸಬೇಕೆಂದರೆ ಲೆವೆಲ್ ಏರುವಾಗ ಒಂದೊಂದೇ. ವಿಝರ್ಡ್‌ನ ಪುಸ್ತಕದಲ್ಲಿ ಕಡಿಮೆಯೆಂದರೂ 14, ದಿನಾ ಬೆಳಿಗ್ಗೆ ಅದರಿಂದ 9 ಆರಿಸಿಕೊಳ್ಳಬಹುದು. ರಿಚುವಲ್ ಮಂತ್ರಗಳನ್ನು ಆ ಒಂಬತ್ತರಲ್ಲಿ ಸೇರಿಸಲೇ ಬೇಡಿ: ಪುಸ್ತಕ ನೋಡಿಕೊಂಡು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ ಸ್ಲಾಟ್ ಖರ್ಚಿಲ್ಲ. ಡಿಟೆಕ್ಟ್ ಮ್ಯಾಜಿಕ್, ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್, ಫೈಂಡ್ ಫೆಮಿಲಿಯರ್ ಎಲ್ಲ ಹೀಗೇ. ಫೆಮಿಲಿಯರ್ (ಮಂತ್ರದಿಂದ ಕರೆಸಿಕೊಳ್ಳುವ ಸಹಾಯಕ ಜೀವಿ) ಆಗಿ ಗೂಬೆ ತನ್ನಿ. ಹಾರಿ ಬಂದು ಗೆಳೆಯನ ದಾಳಿಗೆ ಸಹಾಯ ಮಾಡಿ ಹೋಗುವಾಗ ವೈರಿಗೆ ಅದರ ಮೇಲೆ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವವರ ಮೇಲೆ ಬೀಸುವ ಏಟು) ಸಿಗುವುದಿಲ್ಲ. ಸತ್ತರೆ ಮತ್ತೆ ಕರೆಯಲು ಹತ್ತು ಚಿನ್ನದ ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ ಬೇಕು, ಅಷ್ಟೇ.

ವಿಝರ್ಡ್‌ನ ಖರ್ಚು ಇರುವುದು ನಕಲಿನಲ್ಲಿ. ಸಿಕ್ಕ ಮಂತ್ರವನ್ನು ಪುಸ್ತಕಕ್ಕೆ ಇಳಿಸಲು ಹಂತಕ್ಕೆ 50 ಚಿನ್ನ, ಎರಡು ಗಂಟೆ. ಫೈರ್‌ಬಾಲ್‌ಗೆ 150 ಚಿನ್ನ, ಆರು ಗಂಟೆ. ಪುಸ್ತಕ ಕಳೆದುಹೋದರೆ ಅಂದು ಸಿದ್ಧಮಾಡಿಕೊಂಡಿದ್ದವಷ್ಟೇ ಗತಿ. ನಿಮ್ಮದೇ ಮಂತ್ರವನ್ನು ಎರಡನೇ ಪುಸ್ತಕಕ್ಕೆ ಬರೆಯಲು ಹಂತಕ್ಕೆ ಹತ್ತು ಚಿನ್ನ, ಒಂದು ಗಂಟೆ ಮಾತ್ರ. ಅದನ್ನು ಮಾಡದ ವಿಝರ್ಡ್‌ಗಳೇ ಹೆಚ್ಚು.

ಮೈ ಗಟ್ಟಿತನದಲ್ಲಿ ವಿಝರ್ಡ್‌ಗೆ 32 ಹಿಟ್ ಪಾಯಿಂಟ್, ಡ್ರ್ಯಾಗನ್ ವಂಶದ ಸಾರ್ಸರರ್‌ಗೆ 37, ವಾರ್‌ಲಾಕ್‌ಗೆ 38.

ಹೊಸಬರಿಗೆ ಕೊಡುವುದಾದರೆ ವಾರ್‌ಲಾಕ್: ಎರಡು ಸ್ಲಾಟ್, ಒಂದು ಒಳ್ಳೆಯ ಕ್ಯಾಂಟ್ರಿಪ್, ಸರದಿ ಬಂದಾಗ ತಡಬಡಾಯಿಸುವಂಥದ್ದು ಏನಿಲ್ಲ. ನಿಯಮ ಬಲ್ಲವರು ಕಡಿಮೆ ಜಗಳದ ಟೇಬಲ್‌ನಲ್ಲಿ ಸಾರ್ಸರರ್, ಸುರಂಗ, ಲಿಪಿ, ಬೀಗ ತುಂಬಿದ ಸಾಹಸಕ್ಕೆ ವಿಝರ್ಡ್. ಪಾತ್ರ ಬರೆಯುವ ಮೊದಲು ಡಿಎಂ ಕೈಯಲ್ಲಿರುವುದು ಯಾವ ವರ್ಷದ ಪುಸ್ತಕ ಎಂದು ನೋಡಿಕೊಳ್ಳಿ. 2024ರ ಪರಿಷ್ಕರಣೆಯಲ್ಲಿ ಐದನೇ ಲೆವೆಲ್ ಸಾರ್ಸರರ್‌ಗೆ ಮಂತ್ರಗಳು ಆರರ ಬದಲು ಒಂಬತ್ತು, ಆದರೆ ಮೇಲೆ ಹೇಳಿದ ಜೋಡಿ ಹೇಸ್ಟ್ ಅಲ್ಲಿ ನಡೆಯುವುದಿಲ್ಲ.